ರಾತ್ರಿ ಗಾಡಿಯಲ್ಲಿ ಎದೆ ಝಲ್ ಅನ್ನೋದು ಯಾಕೆ? ಮಹಾಗಾಂವ ಕ್ರಾಸ್ ದಾಟುವವರು ತಿಳಿದಿರಬೇಕಾದ ಸಂಗತಿಗಳು

ಕಮಲಾಪುರ: ಕಲಬುರಗಿ–ಹುಮನಾಬಾದ್ ರಸ್ತೆ ಮೇಲಿನ ಊರುಗಳಲ್ಲಿ ರಾತ್ರಿ ಪ್ರಯಾಣದ ಹೆದರಿಕೆಯ ಕಥೆ ಇಲ್ಲದ ಮನೆ ಸಿಗುವುದು ಕಷ್ಟ. ಮದುವೆ ಮುಗಿಸಿ ಕ್ರೂಸರ್‌ನಲ್ಲಿ ಬರುವಾಗ ಎದುರಿಗೆ ದೀಪ ಇಲ್ಲದ ಟ್ರ್ಯಾಕ್ಟರ್ ಬಂದದ್ದು, ಹೆರಿಗೆ ನೋವು ಬಂದ ಸೊಸೆಯನ್ನು ನಡುರಾತ್ರಿ ಕಲಬುರಗಿಗೆ ಕರೆದೊಯ್ಯುವಾಗ ಡ್ರೈವರ್ ತೂಕಡಿಸಿದ್ದು, ತಿರುವಿನಲ್ಲಿ ಬಿಳಿಯದೇನೋ ಕಂಡು ಗಾಡಿ ಹೊಲಕ್ಕೆ ಇಳಿದದ್ದು. ಇಪ್ಪತ್ತು ವರ್ಷ ಕಳೆದರೂ ಇಂಥ ಮಾತು ನಿನ್ನೆ ನಡೆದಂಗ ಹೇಳತಾರ. ಕೇಳಿದವರು ‘ದೇವರು ದೊಡ್ಡಾವ, ಉಳಿಸಿದ’ ಅಂದು ಎದ್ದು ಹೋಗತಾರ.

ದೇವರು ಉಳಿಸಿದ್ದು ಸರಿ. ಆದರೆ ಗಾಡಿ ಅಪಾಯಕ್ಕೆ ಹೋಗಿದ್ದು ಯಾಕೆ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತದೆ. ಈ ಕಥೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಕಾರಣಗಳು ನಾಲ್ಕೈದೇ. ಅವನ್ನು ತಿಳಿದುಕೊಂಡರೆ ಮುಂದಿನ ಕಥೆ ಹೇಳಲು ಮನೆಯವರೆಲ್ಲ ಉಳಿದಿರುತ್ತಾರೆ.

ನಡುರಾತ್ರಿಗಿಂತ ಮೊದಲೇ ಅಪಾಯ ಶುರು

ಈ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 50ರ ಭಾಗ. ಮೊದಲು ಇದನ್ನು 218 ಅಂತ ಕರೆಯುತ್ತಿದ್ದರು. ಹುಮನಾಬಾದ್‌ನಲ್ಲಿ ಇದು ಪುಣೆ–ಹೈದರಾಬಾದ್ ಹೆದ್ದಾರಿಗೆ ಕೂಡುತ್ತದೆ. ಹಾಗಾಗಿ ರಾತ್ರಿ ಇಲ್ಲಿ ದೂರದ ಲಾರಿ, ಸ್ಲೀಪರ್ ಬಸ್‌ಗಳು ಓಡುತ್ತವೆ. ಅದೇ ರಸ್ತೆಯಲ್ಲಿ ಮಹಾಗಾಂವ, ಕಮಲಾಪುರ ಕಡೆಯ ಜನರ ಬೈಕು, ಟಂಟಂ, ಕ್ರೂಸರ್, ಟ್ರ್ಯಾಕ್ಟರ್‌ಗಳೂ ಓಡುತ್ತವೆ. ದೂರದ ಗಾಡಿಗಳ ವೇಗ ಒಂದು, ಊರಿನ ಗಾಡಿಗಳ ವೇಗ ಇನ್ನೊಂದು. ರಾತ್ರಿ ಈ ಎರಡು ವೇಗಗಳು ಒಂದೇ ಕತ್ತಲಲ್ಲಿ ಎದುರಾಗುತ್ತವೆ.

‘ರಾತ್ರಿ ಅಪಘಾತ’ ಅಂದರೆ ಬಹಳ ಜನ ಹನ್ನೆರಡು, ಒಂದು ಗಂಟೆ ಅಂದುಕೊಳ್ಳುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ದೇಶದಲ್ಲಿ ಅತಿ ಹೆಚ್ಚು ಅಪಘಾತ ಆದದ್ದು ಸಂಜೆ 6ರಿಂದ 9 ಗಂಟೆ ನಡುವೆ. ಆ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಮಾರನೆಯ ವರ್ಷ ಆ ಸಂಖ್ಯೆ 1.72 ಲಕ್ಷ ದಾಟಿತು.

ಸಂಜೆ 6ರಿಂದ 9 ಅಂದರೆ ಯಾವ ಹೊತ್ತು ನೋಡ್ರಿ. ಕಲಬುರಗಿ ಗಂಜ್‌ನಲ್ಲಿ ಮಾಲು ಮಾರಿದ ರೈತ, ಸೂಪರ್ ಮಾರ್ಕೆಟ್‌ನಿಂದ ಅಂಗಡಿಗೆ ಸಾಮಾನು ತರುವ ಕಿರಾಣಿಯವರು, ಕೂಲಿ ಮುಗಿಸಿದವರು, ಕಾಲೇಜಿನ ಹುಡುಗರು ಎಲ್ಲ ಮನೆಗೆ ಹೊರಡುವ ಹೊತ್ತು. ದನ ಎಮ್ಮೆ ಕೊಟ್ಟಿಗೆಗೆ ಬರುವುದೂ ಆಗಲೇ. ಬೆಳಕು ಹೋಗಿರುತ್ತದೆ, ಕಣ್ಣು ಇನ್ನೂ ಕತ್ತಲಿಗೆ ಹೊಂದಿಕೊಂಡಿರುವುದಿಲ್ಲ.

ಕಣ್ಣಿಗೆ ಬೆಳಕು ಹೊಡೆದಾಗ

‘ಎದುರಿನ ಗಾಡಿ ಲೈಟ್ ಕಣ್ಣಿಗೆ ಹೊಡೀತು, ಮುಂದ ಏನೂ ಕಾಣಲಿಲ್ಲ.’ ಅರ್ಧ ಕಥೆಗಳು ಇಲ್ಲಿಂದಲೇ ಶುರುವಾಗುತ್ತವೆ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿರುತ್ತದೆ. ಆಗ ಹೈ ಬೀಮ್ ಬಿದ್ದರೆ ಕಣ್ಣು ಕುಕ್ಕುತ್ತದೆ. ಗಾಡಿ ದಾಟಿ ಹೋದ ಮೇಲೂ ದೃಷ್ಟಿ ಮರಳಲು ಕೆಲವು ಸೆಕೆಂಡು ಬೇಕು. ವಯಸ್ಸಾದವರಿಗೆ, ಕಣ್ಣಿನ ಪೊರೆ ಇರುವವರಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ.

ಲೆಕ್ಕ ಸರಳ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ 66 ಮೀಟರ್ ಕುರುಡಾಗಿ ಓಡಿಸಿದಂತೆ. ಅಷ್ಟರಲ್ಲಿ ಒಬ್ಬ ಸೈಕಲ್ ಸವಾರ, ಎರಡು ಎಮ್ಮೆ, ಒಂದು ನಿಂತ ಟ್ರಾಲಿ ಬರಬಹುದು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಲೋ ಬೀಮ್ ಬೆಳಕಿನಲ್ಲಿ ಚೆನ್ನಾಗಿ ಕಾಣುವುದು ಹೆಚ್ಚೆಂದರೆ 40ರಿಂದ 60 ಮೀಟರ್. ಏನಾದರೂ ಕಂಡ ಮೇಲೆ ಬ್ರೇಕ್ ಮೇಲೆ ಕಾಲು ಇಡಲು ಒಂದೂವರೆ ಸೆಕೆಂಡು ಹೋಗುತ್ತದೆ. ಆಮೇಲೆ ಗಾಡಿ ನಿಲ್ಲಲು ಇನ್ನಷ್ಟು ದೂರ ಬೇಕು. ಒಣ ರಸ್ತೆಯಲ್ಲಿ, ಒಳ್ಳೆ ಟೈರ್ ಇದ್ದಾಗ ಒಟ್ಟು ದೂರ ಹೀಗಿರುತ್ತದೆ:

- 60 ಕಿ.ಮೀ. ವೇಗಕ್ಕೆ ಸುಮಾರು 45 ಮೀಟರ್
- 80 ಕಿ.ಮೀ. ವೇಗಕ್ಕೆ ಸುಮಾರು 70 ಮೀಟರ್
- 100 ಕಿ.ಮೀ. ವೇಗಕ್ಕೆ ಸುಮಾರು 95ರಿಂದ 100 ಮೀಟರ್

ಅಂದರೆ ಲೋ ಬೀಮ್ ಹಾಕಿ 80ರಲ್ಲಿ ಹೋಗುವವನು ಕಂಡದ್ದಕ್ಕೆ ಬ್ರೇಕ್ ಹಾಕಿದರೂ ನಿಲ್ಲಿಸಲಾರ. ‘ಎಲ್ಲಿಂದ ಬಂತೋ ಗೊತ್ತಿಲ್ಲ, ಒಮ್ಮೆಲೆ ಮುಂದ ನಿಂತಿತ್ತು’ ಅನ್ನುವುದರ ಅರ್ಥ ಇದೇ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಗಾಡಿಯೇ ತನ್ನ ಬೆಳಕಿಗಿಂತ ಮುಂದೆ ಓಡುತ್ತಿತ್ತು.

ಬೈಕು, ಪಿಕಪ್‌ಗಳಿಗೆ ಹೊರಗಿನಿಂದ ಹಾಕಿಸುವ ಬಿಳಿ ಎಲ್‌ಇಡಿ ದೀಪ ಈಗಿನ ದೊಡ್ಡ ತೊಂದರೆ. ಹಳೆ ಬಲ್ಬಿಗೆ ಮಾಡಿದ ಹೆಡ್‌ಲೈಟ್ ಒಳಗೆ ಎಲ್‌ಇಡಿ ಕೂರಿಸಿದರೆ ಬೆಳಕು ರಸ್ತೆಗೆ ಬೀಳದೆ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಹೆಡ್‌ಲೈಟ್ ಮುಂದೆ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಇದನ್ನು ಪರೀಕ್ಷಿಸಲು ಗ್ಯಾರೇಜ್ ಬೇಕಿಲ್ಲ. ಅಂಗಡಿ ಶಟರ್ ಮುಂದೆ ಗಾಡಿ ನಿಲ್ಲಿಸಿ, ಡಿಪ್ಪರ್ ಹಾಕಿ ನೋಡ್ರಿ. ಬೆಳಕಿನ ಮೇಲಂಚು ಹೆಡ್‌ಲೈಟಿನ ಎತ್ತರಕ್ಕಿಂತ ಕೆಳಗೆ ಇರಬೇಕು. ಮೇಲೆ ಹೋಗಿದ್ದರೆ ಎದುರಿನವನ ಕಣ್ಣಿಗೆ ಹೊಡೆಯುತ್ತಿದ್ದೀರಿ ಅಂತ ತಿಳಿಯಿರಿ. ಹಿಂದೆ ಭಾರ ಹೇರಿದಾಗ ಗಾಡಿ ಮೂತಿ ಎತ್ತುವುದರಿಂದ ಬೆಳಕು ಇನ್ನೂ ಮೇಲೆ ಹೋಗುತ್ತದೆ.

ನಿಂತ ಗಾಡಿಯೇ ಯಮ

2025ರ ಏಪ್ರಿಲ್ 5ರಂದು ನಸುಕಿನ ಮೂರೂವರೆ ಹೊತ್ತಿಗೆ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಹತ್ತಿರ ವ್ಯಾನ್ ಒಂದು ರಸ್ತೆ ಬದಿ ನಿಂತಿದ್ದ ಲಾರಿಗೆ ಗುದ್ದಿತು. ಬಾಗಲಕೋಟೆ ಕಡೆಯಿಂದ ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದ ಐದು ಮಂದಿ ಸತ್ತರು. ಹತ್ತಾರು ಜನ ಗಾಯಗೊಂಡರು. ಜಿಲ್ಲೆಯ ಜನ ಇದನ್ನು ಮರೆತಿಲ್ಲ.

ಓಡುವ ಗಾಡಿಯ ಹಿಂದಿನ ದೀಪ ಉರಿಯುತ್ತಿರುತ್ತದೆ, ಅಲುಗಾಡುತ್ತದೆ. ಹಾಗಾಗಿ ಕಣ್ಣು ಅದನ್ನು ಹಿಡಿಯುತ್ತದೆ. ದೀಪ ಆರಿಸಿ ನಿಂತ ಲಾರಿಯ ಹಿಂಭಾಗ ಬರೀ ಕಪ್ಪು ಗೋಡೆ. ಮಣ್ಣು ಮೆತ್ತಿದ ರಿಫ್ಲೆಕ್ಟರ್ ಇದ್ದೂ ಇಲ್ಲದಂತೆ. ಒಂದು ಕೆಂಪು ದೀಪ ಮಾತ್ರ ಉರಿಯುತ್ತಿದ್ದರೂ ಅದು ನಿಂತಿದೆಯೋ ಓಡುತ್ತಿದೆಯೋ ಅಂತ ದೂರದಿಂದ ಹೇಳಲಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೊತ್ತು ಮೀರಿರುತ್ತದೆ.

ನಮ್ಮ ರಸ್ತೆಗಳಲ್ಲಿ ಇದರ ಜೊತೆಗೆ ಇನ್ನೂ ಕೆಲವು ಸೇರಿಕೊಂಡಿವೆ. ಪಂಕ್ಚರ್ ಆದ ಲಾರಿಗೆ ಗುರುತಿಗೆಂದು ಸುತ್ತ ಕಲ್ಲು ಇಡುತ್ತಾರೆ. ಲಾರಿ ಹೋದ ಮೇಲೆ ಕಲ್ಲು ಅಲ್ಲೇ. ತೊಗರಿ, ಜೋಳದ ಸುಗ್ಗಿಯಲ್ಲಿ ರಸ್ತೆ ಮೇಲೆಯೇ ರಾಶಿ ಮಾಡಿ, ಗಾಡಿ ಹಾಯದಿರಲಿ ಅಂತ ಸುತ್ತ ಕಲ್ಲು, ಕಟ್ಟಿಗೆ ಇಟ್ಟು ಸಂಜೆ ಮನೆಗೆ ಹೋಗುತ್ತಾರೆ. ಕಬ್ಬಿನ ಟ್ರ್ಯಾಕ್ಟರ್‌ಗೆ ಎರಡೆರಡು ಟ್ರಾಲಿ ಕಟ್ಟಿರುತ್ತಾರೆ. ಹಿಂದಿನ ಟ್ರಾಲಿಗೆ ದೀಪದ ವೈರೇ ಇರುವುದಿಲ್ಲ, ಇದ್ದರೂ ಇಳಿಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಎರಿ ಭೂಮಿಯ ರಸ್ತೆ ಅಂಚು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಸಿದಿರುತ್ತದೆ. ಎದುರಿನ ಗಾಡಿಗೆ ದಾರಿ ಬಿಡಲು ಕೆಳಗಿಳಿದರೆ ಗಾಲಿ ಎಳೆದುಕೊಳ್ಳುತ್ತದೆ.

ಇವೆಲ್ಲ ಊರವರೇ ಸರಿಮಾಡಬಹುದಾದ ಕೆಲಸ. ಟ್ರಾಲಿ ಹಿಂದೆ ಕೆಂಪು, ಬದಿಗೆ ಹಳದಿ ಹೊಳೆಯುವ ಟೇಪ್ ಅಂಟಿಸಲು ಖರ್ಚು ಕೆಲವೇ ನೂರು ರೂಪಾಯಿ. ಕೆಟ್ಟು ನಿಂತ ಗಾಡಿಗೆ ಇಂಡಿಕೇಟರ್ ಎರಡೂ ಹಾಕಬೇಕು. ಹಿಂದೆ ಐವತ್ತು ಮೀಟರ್ ದೂರದಲ್ಲಿ ಕೆಂಪು ತ್ರಿಕೋನ ಇಡಬೇಕು. ಒಳಗೆ ಕೂತ ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ಬೇರೆಯವರಿಗೆ ಅಪಾಯ ಆಗುವ ಹಾಗೆ ರಸ್ತೆ ಮೇಲೆ ಗಾಡಿ ಬಿಡುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಪ್ರಕಾರ ಅಪರಾಧ ಕೂಡ.

‘ನಿದ್ದಿ ಬಂದಿಲ್ಲ, ನಡೀರಿ’

ತೂಕಡಿಸುವ ಡ್ರೈವರ್ ಯಾವತ್ತೂ ‘ನಿದ್ದಿ ಬಂದದ’ ಅನ್ನುವುದಿಲ್ಲ. ಸುಳ್ಳು ಹೇಳುತ್ತಾನೆ ಅಂತಲ್ಲ, ಅವನಿಗೇ ಗೊತ್ತಾಗಿರುವುದಿಲ್ಲ. ದಣಿದ ಮಿದುಳು ಮೂರು ನಾಲ್ಕು ಸೆಕೆಂಡು ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಕಣ್ಣು ತೆರೆದಿದ್ದರೂ ನೋಡುತ್ತಿರುವುದಿಲ್ಲ. ನೂರರ ವೇಗದಲ್ಲಿ ನಾಲ್ಕು ಸೆಕೆಂಡು ಅಂದರೆ 110 ಮೀಟರ್‌ಗೂ ಹೆಚ್ಚು ದೂರ ಗಾಡಿಗೆ ಡ್ರೈವರೇ ಇಲ್ಲ.

ದೇಹಕ್ಕೆ ಅದರದೇ ಗಡಿಯಾರ ಇದೆ. ನಸುಕಿನ ಎರಡರಿಂದ ಐದು ಗಂಟೆವರೆಗೆ ನಿದ್ದೆಯ ಒತ್ತಡ ಅತಿ ಹೆಚ್ಚು. ಹದಿನೇಳು ತಾಸು ಎಚ್ಚರ ಇದ್ದವನ ಚುರುಕುತನ, ರಕ್ತದ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯ ಇರುವವನ ಚುರುಕುತನದ ಮಟ್ಟಕ್ಕೆ ಇಳಿಯುತ್ತದೆ ಅಂತ ಸಂಶೋಧನೆಗಳು ತೋರಿಸಿವೆ. ನಮ್ಮ ಕಾನೂನು ಡ್ರೈವರ್‌ಗೆ ಬಿಟ್ಟಿರುವ ಮಿತಿ 30 ಮಿ.ಗ್ರಾಂ. ಅಂದರೆ ಬೆಳಿಗ್ಗೆ ಆರಕ್ಕೆ ಎದ್ದು ಮದುವೆ ಕೆಲಸ ಮಾಡಿ, ರಾತ್ರಿ ಹನ್ನೊಂದಕ್ಕೆ ಗಾಡಿ ಹಿಡಿದವನು ಒಂದು ಹನಿ ಕುಡಿಯದಿದ್ದರೂ ಕುಡಿದವನ ಹಾಗೇ ಓಡಿಸುತ್ತಿರುತ್ತಾನೆ.

‘ಬೆಳಕಾಯಿತು, ಇನ್ನು ಭಯ ಇಲ್ಲ’ ಅನ್ನೋ ಮಾತೂ ಪೂರ್ತಿ ನಿಜವಲ್ಲ. 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದ್‌ಗೆ ಹೊರಟಿದ್ದ ಖಾಸಗಿ ಬಸ್ ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿಯಾಗಿ, ಸೇತುವೆಯಿಂದ ಕೆಳಗುರುಳಿ ಹೊತ್ತಿ ಉರಿಯಿತು. ಕನಿಷ್ಠ ಏಳು ಮಂದಿ ಒಳಗೇ ಸುಟ್ಟು ಹೋದರು. ಆ ಹೊತ್ತಿಗೆ ಬೆಳಕು ಹರಿದಿತ್ತು. ರಾತ್ರಿ ಪ್ರಯಾಣ ಮುಗಿಯುವುದು ಮನೆ ಮುಟ್ಟಿದಾಗಲೇ, ಸೂರ್ಯ ಹುಟ್ಟಿದಾಗ ಅಲ್ಲ.

ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಗುಟ್ಕಾ ಹಾಕುವುದು ಇವು ಐದು ಹತ್ತು ನಿಮಿಷದ ಮೋಸ. ನಿದ್ದೆಗೆ ನಿದ್ದೆಯೇ ಮದ್ದು. ಧಾಬಾ ಮುಂದೆ ಗಾಡಿ ನಿಲ್ಲಿಸಿ, ಒಂದು ಕಡಕ್ ಚಹಾ ಅಥವಾ ಕಾಫಿ ಕುಡಿದು, ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಮಲಗಬೇಕು. ಏಳುವ ಹೊತ್ತಿಗೆ ಚಹಾದ ಪರಿಣಾಮವೂ ಶುರುವಾಗಿರುತ್ತದೆ. ಸಂಬಳದ ಡ್ರೈವರ್‌ಗಳ ವಿಷಯದಲ್ಲಿ ಕಾನೂನೇ ಇದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ತಾಸಿನ ಕೆಲಸ, ಐದು ತಾಸಿನ ನಂತರ ಕನಿಷ್ಠ ಅರ್ಧ ತಾಸು ವಿಶ್ರಾಂತಿ ಅಂತ ಹೇಳುತ್ತಿತ್ತು. ಮದುವೆಗೆ ಗಾಡಿ ಬಾಡಿಗೆ ಹಿಡಿಯುವವರು ‘ನಿನ್ನೆ ರಾತ್ರಿ ಎಲ್ಲಿ ಹೋಗಿದ್ದಿಪಾ?’ ಅಂತ ಡ್ರೈವರ್‌ಗೆ ಒಂದು ಮಾತು ಕೇಳಿದರೆ ತಪ್ಪೇನಿಲ್ಲ.

ತಿರುವಿನಲ್ಲಿ ಕಂಡ ಬಿಳಿ ಸೀರೆ

ಪ್ರತಿ ಊರಿಗೂ ಇಂಥ ಒಂದು ಮರ, ಒಂದು ಸೇತುವೆ, ಒಂದು ತಿರುವು ಇರುತ್ತದೆ. ‘ಅಲ್ಲಿ ರಾತ್ರಿ ಹೆಂಗಸು ಕೈ ಮಾಡ್ತಾಳ’ ಅಂತಾರೆ. ನಕ್ಕು ಬಿಡುವ ಮಾತಲ್ಲ ಇದು, ಯಾಕೆಂದರೆ ಕಂಡವರು ನಿಜಕ್ಕೂ ಏನೋ ಕಂಡಿರುತ್ತಾರೆ.

ನಿದ್ದೆಗೆ ಜಾರುವ ಅಂಚಿನಲ್ಲಿ ಮಿದುಳು ಕನಸನ್ನು ತೆರೆದ ಕಣ್ಣಿನ ಮುಂದೆಯೇ ತೋರಿಸಬಲ್ಲದು. ಲಾರಿ ಡ್ರೈವರ್‌ಗಳು ರಸ್ತೆ ನಡುವೆ ಮನುಷ್ಯ, ಗೋಡೆ, ಪ್ರಾಣಿ ಕಂಡು ಸ್ಟೇರಿಂಗ್ ತಿರುಗಿಸುವುದು ಹೀಗೆ. ಮಂಜು, ಧೂಳು, ಕಸ ಸುಟ್ಟ ಹೊಗೆಯ ಮೇಲೆ ಹೆಡ್‌ಲೈಟ್ ಬಿದ್ದಾಗ ಆಕಾರ ಮೂಡುತ್ತದೆ. ಅಸ್ಪಷ್ಟವಾಗಿ ಕಂಡದ್ದಕ್ಕೆ ಮನುಷ್ಯನ ರೂಪ ಕೊಡುವುದು ಮಿದುಳಿನ ಹಳೆ ಚಾಳಿ.

ಹೊಳೆಯುವ ಕಣ್ಣುಗಳ ಕಥೆಗೂ ಕಾರಣ ಇದೆ. ನಾಯಿ, ನರಿ, ಬೆಕ್ಕು, ದನಗಳ ಕಣ್ಣಿನ ಹಿಂದೆ ಬೆಳಕನ್ನು ತಿರುಗಿಸುವ ಕನ್ನಡಿಯಂಥ ಪದರ ಇದೆ. ಮನುಷ್ಯನಿಗೆ ಅದಿಲ್ಲ. ಹಾಗಾಗಿ ದೂರದಲ್ಲಿ ಜೋಡಿ ಚುಕ್ಕೆ ಹೊಳೆದರೆ ಅದು ಪ್ರಾಣಿ, ವೇಗ ಇಳಿಸಬೇಕು. ಆದರೆ ಬೆನ್ನು ಮಾಡಿ ನಿಂತ ಎಮ್ಮೆ ಹೊಳೆಯುವುದಿಲ್ಲ. ಕಪ್ಪು ಡಾಂಬರಿನ ಮೇಲೆ ಕಪ್ಪು ಎಮ್ಮೆ ಯಾವ ದೆವ್ವಕ್ಕಿಂತಲೂ ಅಪಾಯ.

ಇದೇ ಕಾರಣಕ್ಕೆ ನಡೆದು ಹೋಗುವವರ ಬಟ್ಟೆಯೂ ಮುಖ್ಯ. ಹಿಂದಿನ ಹಿರಿಯರ ಬಿಳಿ ಧೋತರ, ಬಿಳಿ ಪಟಗ ಹೆಡ್‌ಲೈಟಿಗೆ ದೂರದಿಂದಲೇ ಕಾಣುತ್ತಿತ್ತು. ಈಗಿನ ಕಪ್ಪು ಪ್ಯಾಂಟು, ಕಪ್ಪು ಜಾಕೆಟ್ ತೀರಾ ಹತ್ತಿರ ಬರುವವರೆಗೂ ಕಾಣುವುದಿಲ್ಲ.

‘ಇಲ್ಲಿ ದೆವ್ವ ಅದ’ ಅನ್ನುವ ಜಾಗದಲ್ಲಿ ಹಗಲು ಹೊತ್ತು ಹೋಗಿ ನಿಂತು ನೋಡಬೇಕು. ತಿರುವು ಮುಚ್ಚಿದ ಜಾಲಿ ಗಿಡ, ಕುಸಿದ ಅಂಚು, ತಡೆಗೋಡೆ ಇಲ್ಲದ ಸೇತುವೆ, ಫಲಕ ಇಲ್ಲದ ಹಂಪ್ ಇಂಥದ್ದೇನಾದರೂ ಇದ್ದರೆ ಗ್ರಾಮ ಪಂಚಾಯ್ತಿಗೆ, ಹೆದ್ದಾರಿಯಾದರೆ ಹೆದ್ದಾರಿ ಇಲಾಖೆಗೆ ಬರೆದು ಕೊಡಬೇಕು. ಪದೇ ಪದೇ ಹೆದರಿಕೆ ಹುಟ್ಟಿಸುವ ಜಾಗ ಅಂದರೆ ಯಾರೋ ಬೋರ್ಡ್ ಹಾಕದೆ ಬಿಟ್ಟ ಅಪಘಾತದ ಜಾಗ ಇರಬಹುದು.

ನೆನಪು ಉಳಿಯುವುದು ಯಾಕೆ

‘ಆ ಎರಡು ಸೆಕೆಂಡು ಹತ್ತು ನಿಮಿಷ ಆದಂಗಾತು’ ಅಂತ ಹೇಳುವವರು ಬಹಳ. ಅಮೆರಿಕದ ವಿಜ್ಞಾನಿ ಡೇವಿಡ್ ಈಗಲ್‌ಮನ್ ತಂಡ 2007ರಲ್ಲಿ ಇದನ್ನು ಪರೀಕ್ಷಿಸಿತು. ಎತ್ತರದಿಂದ ಕೆಳಗಿನ ಬಲೆಗೆ ಬಿದ್ದವರು ತಮ್ಮ ಬೀಳುವಿಕೆ ನಿಜಕ್ಕಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ಹೊತ್ತು ಹಿಡಿಯಿತು ಅಂದರು. ಆದರೆ ಬೀಳುವಾಗ ಅವರ ಕಣ್ಣು ಹೆಚ್ಚು ವೇಗವಾಗಿ ನೋಡಿರಲಿಲ್ಲ. ಕಾಲ ನಿಧಾನ ಆಗಿದ್ದಿಲ್ಲ, ನೆನಪು ದಟ್ಟವಾಗಿತ್ತು ಅಷ್ಟೆ. ಭಯದಲ್ಲಿ ಹರಿಯುವ ಅಡ್ರಿನಲಿನ್ ನೆನಪನ್ನು ಗಟ್ಟಿ ಮಾಡುತ್ತದೆ. ಮತ್ತೊಮ್ಮೆ ಅಂಥದ್ದೇ ಬಂದರೆ ತಪ್ಪಿಸಿಕೊಳ್ಳಲಿ ಅಂತ ದೇಹ ಮಾಡಿಕೊಂಡ ವ್ಯವಸ್ಥೆ ಅದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅನುಭವ ಇದೆ. ‘ಮಹಾಗಾಂವ ಕ್ರಾಸ್ ಯಾವಾಗ ದಾಟಿದ್ವೋ ಗೊತ್ತಾಗಲೇ ಇಲ್ಲ.’ ಇದನ್ನು ನಗುತ್ತ ಹೇಳುತ್ತಾರೆ. ಆದರೆ ಡ್ರೈವರ್ ಬಾಯಲ್ಲಿ ಈ ಮಾತು ಬಂದರೆ ಹೆದರಬೇಕು. ದಾಟಿ ಬಂದ ಊರು ನೆನಪಿಲ್ಲ ಅಂದರೆ ಆ ಹೊತ್ತು ಅವನ ಗಮನ ರಸ್ತೆ ಮೇಲೆ ಇರಲಿಲ್ಲ. ಎದೆ ಝಲ್ ಅಂದ ಪ್ರಯಾಣಕ್ಕಿಂತ ಏನೂ ನೆನಪಿಲ್ಲದ ಪ್ರಯಾಣವೇ ಹೆಚ್ಚು ಅಪಾಯದ್ದು.

ಅಪಘಾತ ಕಂಡವರಲ್ಲಿ ಕೆಲವರಿಗೆ ತಿಂಗಳುಗಟ್ಟಲೆ ರಾತ್ರಿ ಬೆಚ್ಚಿಬೀಳುವುದು, ಗಾಡಿ ಹತ್ತಲು ಕೈಕಾಲು ನಡುಗುವುದು ಇರುತ್ತದೆ. ಅದಕ್ಕೆ ತಾಯತ ಕಟ್ಟಿಸಿ ಸುಮ್ಮನಾಗುವುದಕ್ಕಿಂತ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸುವುದು ಒಳ್ಳೆಯದು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕನ್ನಡದಲ್ಲೇ ಮಾತಾಡಬಹುದು.

ಹಿಂದಿನ ಸೀಟಿನವರು ಬಾಯಿ ಬಿಡಬೇಕು

ಬಹುತೇಕ ಕಥೆಗಳಲ್ಲಿ ಒಂದು ಮಾತು ಸಾಮಾನ್ಯ. ಹಿಂದೆ ಕೂತವರಿಗೆ ಮೊದಲೇ ಗೊತ್ತಾಗಿತ್ತು. ಗಾಡಿ ಬಿಳಿ ಪಟ್ಟಿ ದಾಟಿ ಬರುತ್ತಿತ್ತು, ಡ್ರೈವರ್ ಪದೇ ಪದೇ ಕಣ್ಣು ಉಜ್ಜುತ್ತಿದ್ದ, ಫೋನ್ ನೋಡುತ್ತಿದ್ದ. ಆದರೆ ಓಡಿಸುವವರು ಮಾವ, ಕಾಕಾ, ಅಳಿಯ. ‘ನಾವು ಹೆಂಗ ಹೇಳೂದು’ ಅಂತ ಹೆಣ್ಣುಮಕ್ಕಳು, ಹುಡುಗರು ಸುಮ್ಮನಿದ್ದರು. ಅಥವಾ ಹೇಳಿದವರಿಗೆ ‘ಅಂಜಬುರಕಿ’ ಅಂತ ನಕ್ಕರು.

ಸ್ಟೇರಿಂಗ್ ಕೈಯಲ್ಲಿ ಇರುವವನಿಗೆ ಧೈರ್ಯ ಹೆಚ್ಚು, ಪಕ್ಕದವನಿಗೆ ಭಯ ಹೆಚ್ಚು. ಇದು ಸಹಜ. ಆದರೆ ದಣಿದ ಡ್ರೈವರ್‌ನ ಧೈರ್ಯಕ್ಕಿಂತ ಎಚ್ಚರ ಇರುವ ಪ್ರಯಾಣಿಕನ ಭಯ ಹೆಚ್ಚು ನಂಬಿಕೆಗೆ ಅರ್ಹ. ಹೇಳುವ ದಾರಿಯೂ ಇದೆ. ‘ನಿಮಗ ನಿದ್ದಿ ಬಂದದ’ ಅಂದರೆ ಒಪ್ಪುವುದಿಲ್ಲ. ‘ಕಾಕಾ, ಹುಡುಗಗ ವಾಂತಿ ಬಂದಂಗ ಆಗ್ಯಾದ, ಒಂದೀಟು ನಿಲ್ಲಸ್ರಿ’ ಅಂದರೆ ಯಾರಾದರೂ ನಿಲ್ಲಿಸುತ್ತಾರೆ. ಹೊರಡುವ ಮೊದಲೇ ‘ಯಾರು ನಿಲ್ಲಿಸು ಅಂದರೂ ನಿಲ್ಲಿಸೂದು’ ಅಂತ ಮಾತಾಗಿದ್ದರೆ ಇನ್ನೂ ಒಳ್ಳೆಯದು.

ಮಳೆಗಾಲದ ಹಳ್ಳ

ಗಂಡೋರಿ ನಾಲಾ ಮತ್ತು ಸುತ್ತಲಿನ ಹಳ್ಳಗಳು ತುಂಬಿದಾಗ ಒಳರಸ್ತೆಗಳ ಕೆಳಸೇತುವೆ ಮೇಲೆ ನೀರು ಹರಿಯುತ್ತದೆ. ರಾತ್ರಿ ಹೆಡ್‌ಲೈಟಿಗೆ ಆ ನೀರು ಬರೀ ಹೊಳೆಯುವ ರಸ್ತೆಯಂತೆ ಕಾಣುತ್ತದೆ. ಒಂದಡಿ ನೀರಿಗೆ ಕಾರು ತೇಲಲು ಶುರುವಾಗುತ್ತದೆ, ಎರಡಡಿ ನೀರು ಜೀಪನ್ನೂ ಒಯ್ಯುತ್ತದೆ. ಕೆಳಗಿನ ರಸ್ತೆ ಕೊಚ್ಚಿ ಹೋಗಿದ್ದರೆ ಮೇಲಿನಿಂದ ಗೊತ್ತಾಗುವುದೇ ಇಲ್ಲ. ‘ದಿನಾ ಹೋಗೋ ದಾರಿ’ ಅನ್ನುವ ಭರವಸೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೆಳಗಾಗುವವರೆಗೆ ಕಾಯಬೇಕು, ಇಲ್ಲವೇ ಸುತ್ತಿ ಬರಬೇಕು.

ಅಪಘಾತ ಕಂಡರೆ ನಿಲ್ಲಿಸಬಹುದು, ಅಂಜಬೇಕಿಲ್ಲ

‘ಪೊಲೀಸ್ ಕೇಸ್ ಆಗ್ತದ’ ಅಂತ ಗಾಯಾಳುಗಳನ್ನು ಬಿಟ್ಟು ಹೋಗುವ ಕಾಲ ಮುಗಿದಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕು ಅಂತ ಪೊಲೀಸರಾಗಲಿ ಆಸ್ಪತ್ರೆಯಾಗಲಿ ಒತ್ತಾಯಿಸುವಂತಿಲ್ಲ.

- ಮೊದಲ ಕರೆ 108 ಅಥವಾ 112. ರಾಷ್ಟ್ರೀಯ ಹೆದ್ದಾರಿ ಮೇಲಾದರೆ 1033.
- ಜಾಗ ಹೇಳುವಾಗ ಹತ್ತಿರದ ಕ್ರಾಸ್, ಧಾಬಾ, ಪೆಟ್ರೋಲ್ ಬಂಕ್ ಅಥವಾ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ.
- ನಿಮ್ಮ ಗಾಡಿಯನ್ನು ರಸ್ತೆಯಿಂದ ಕೆಳಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ. ನೋಡಲು ನಿಂತವರ ಮೇಲೆ ಇನ್ನೊಂದು ಗಾಡಿ ಹಾಯುವುದು ರಾತ್ರಿ ಆಗುತ್ತಲೇ ಇರುತ್ತದೆ.
- ಕತ್ತು, ಬೆನ್ನಿಗೆ ಪೆಟ್ಟಾದವರನ್ನು ಬೆಂಕಿಯ ಭಯ ಇಲ್ಲದಿದ್ದರೆ ಎಳೆದಾಡಬೇಡಿ. ರಕ್ತ ಸುರಿಯುವಲ್ಲಿ ಬಟ್ಟೆಯಿಂದ ಒತ್ತಿ ಹಿಡಿಯಿರಿ.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆ ಪ್ರಕಾರ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೆ ಸತ್ತವರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಇದೆ. ಅರ್ಜಿ ಕೊಡಬೇಕಾದದ್ದು ಉಪವಿಭಾಗ ಅಥವಾ ತಾಲೂಕು ಮಟ್ಟದ ವಿಚಾರಣಾಧಿಕಾರಿಗೆ. ಇದು ಗೊತ್ತಿಲ್ಲದೆ ಬಿಟ್ಟವರು ಬಹಳ ಇದ್ದಾರೆ.

ರಾತ್ರಿ ಹೊರಡುವ ಮುನ್ನ

- ಹೆಡ್‌ಲೈಟ್, ಹಿಂದಿನ ದೀಪ, ಗಾಜು ಒರೆಸಿ. ಧೂಳು ಹಿಡಿದ ಗಾಜು ಎದುರಿನ ಬೆಳಕನ್ನು ಇನ್ನೂ ಚೆಲ್ಲುತ್ತದೆ.
- ಲೋ ಬೀಮ್‌ನಲ್ಲಿ 60 ದಾಟಬೇಡಿ. ಎದುರು ಗಾಡಿ ಬಂದಾಗ ಅದರ ದೀಪ ನೋಡದೆ ನಿಮ್ಮ ಎಡಗಡೆಯ ಬಿಳಿ ಪಟ್ಟಿ ನೋಡಿ.
- ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು, ಇದು ಕಡ್ಡಾಯ. ಬೈಕಿನ ಹಿಂದೆ ಕೂತವರಿಗೂ ಹೆಲ್ಮೆಟ್.
- ಹೆದ್ದಾರಿ ಬದಿ ಅಂಗಡಿಯವರು ಮುಂದಿನ ದೀಪವನ್ನು ರಸ್ತೆ ಕಡೆ ಮುಖ ಮಾಡದೆ ನೆಲಕ್ಕೆ ಬಾಗಿಸಿ. ಗಿರಾಕಿಗಳ ಗಾಡಿ ಡಾಂಬರಿನಿಂದ ಕೆಳಗೆ ನಿಲ್ಲಲಿ.
- ರಸ್ತೆ ಮೇಲೆ ಬಿದ್ದ ಕಲ್ಲು ಕಂಡರೆ ಎತ್ತಿ ಬದಿಗೆ ಹಾಕಿ. ಎರಡು ನಿಮಿಷದ ಕೆಲಸ.

ಕಲಬುರಗಿಯಿಂದ ಮಹಾಗಾಂವ ಕ್ರಾಸ್‌ಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. 80ರ ಬದಲು 60ರಲ್ಲಿ ಬಂದರೆ ಹೆಚ್ಚಾಗುವುದು ಐದಾರು ನಿಮಿಷ. ಮನೆಯಲ್ಲಿ ಬಾಗಿಲು ತೆರೆದು ಕಾಯುವವರು ಅಷ್ಟು ಹೊತ್ತು ಕಾಯುತ್ತಾರೆ.